ದಸರಾ ರಜೆಗೆ ಘಟ್ಟ ಇಳಿಯುವ ಮುಂಚೆ: ಬಂದರಿಗೆ ಯಾವ ಹೊತ್ತಿಗೆ ಹೋಗಬೇಕು, ಕಡಲಿಗೆ ಎಲ್ಲಿಯವರೆಗೆ ಇಳಿಯಬೇಕು?

ಸಾಗರ: ದಸರಾ ರಜೆ ಶುರುವಾದರೆ ಸಾಕು, ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಕಾರು, ಟಿಟಿ, ಬಸ್ಸು ಅಂತ ಸಾಲುಸಾಲು ಘಟ್ಟ ಇಳಿಯುತ್ತವೆ. ಅಂಗಡಿಯವರಿಗೂ ವರ್ಷದಲ್ಲಿ ಬಾಗಿಲು ಹಾಕಿ ಮನೆಯವರನ್ನು ಕರ್ಕೊಂಡು ಹೋಗೋಕೆ ಸಿಗೋದು ಒಂದೋ ಎರಡೋ ದಿನ. ಆ ಒಂದು ದಿನದಲ್ಲಿ ಹೆಚ್ಚಿನವರು ಮಾಡೋದು ಇಷ್ಟೇ: ಒಂದು ದೇವಸ್ಥಾನ, ಒಂದು ಬೀಚು, ಒಂದು ಮೀನೂಟ, ರಾತ್ರಿ ವಾಪಸ್.

ದಾರಿಯಲ್ಲೇ ಸಿಗುವ ಮೀನುಗಾರಿಕಾ ಬಂದರಿಗೆ ಹೋಗೋರು ಕಡಿಮೆ. ಹೋದವರೂ ಮಧ್ಯಾಹ್ನ ಎರಡು ಗಂಟೆಗೆ ಹೋಗಿ, ಖಾಲಿ ಬೋಟು ನೋಡಿ, ಮೂಗು ಮುಚ್ಚಿಕೊಂಡು ಬರ್ತಾರೆ. ಇನ್ನೊಂದು ಕಡೆ, ಕಡಲು ಶಾಂತವಾಗಿದೆ ಅಂದ್ಕೊಂಡು ನೀರಿಗಿಳಿದು ಜೀವ ಕಳೆದುಕೊಂಡವರಲ್ಲಿ ಘಟ್ಟದ ಮೇಲಿನವರು, ಬಯಲುಸೀಮೆಯವರು ಪ್ರತಿ ವರ್ಷ ಇರ್ತಾರೆ. ಎರಡಕ್ಕೂ ಕಾರಣ ಹೆಚ್ಚುಕಡಿಮೆ ಒಂದೇ. ಕಡಲಿಗೆ ಅದರದ್ದೇ ಆದ ಹೊತ್ತು ಇದೆ, ಅದು ನಮಗೆ ಗೊತ್ತಿರೋದಿಲ್ಲ. ಆ ಹೊತ್ತು ಯಾವುದು, ಏನು ನೋಡಬೇಕು, ಎಲ್ಲಿ ನಿಲ್ಲಬೇಕು ಅನ್ನೋದರ ವಿವರ ಇಲ್ಲಿದೆ.

ಯಾವ ಘಟ್ಟ, ಯಾವ ಬಂದರು?

ಸಾಗರದವರಿಗೆ ಹತ್ತಿರದ ದಾರಿ ಜೋಗ, ಗೇರುಸೊಪ್ಪ ಮೇಲೆ ಹೊನ್ನಾವರ. ಸುಮಾರು 90 ಕಿ.ಮೀ. ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿದ ಕೂಡಲೇ ಸಿಗೋದು ಕಾಸರಕೋಡು. ಮೀನುಗಾರಿಕಾ ಬಂದರು, ಟೊಂಕದ ಮೀನುಗಾರರ ಊರು, ಇಕೋ ಬೀಚು ಮೂರೂ ಅಲ್ಲೇ ಅಕ್ಕಪಕ್ಕ. ಅಲ್ಲಿಂದ ದಕ್ಷಿಣಕ್ಕೆ ಹೋದರೆ ಮುರುಡೇಶ್ವರ, ಆಮೇಲೆ ಭಟ್ಕಳದ ಮಾವಿನಕುರ್ವೆ ಬಂದರು.

ಹೊಸನಗರ, ನಗರ ಕಡೆಯವರಿಗೆ ಹುಲಿಕಲ್ ಘಾಟಿ ಅಥವಾ ಕೊಲ್ಲೂರು ಘಾಟಿ. ಎರಡೂ ಕುಂದಾಪುರ ಭಾಗಕ್ಕೆ ಇಳಿಸುತ್ತವೆ. ಅಲ್ಲಿ ನೋಡಬೇಕಾದ್ದು ಗಂಗೊಳ್ಳಿ ಬಂದರು ಮತ್ತು ತ್ರಾಸಿ, ಮರವಂತೆ ಕಡಲ ತೀರ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಒಂದು ಎಚ್ಚರ: ಕುಂದಾಪುರದಲ್ಲಿ ನಿಂತರೆ ಗಂಗೊಳ್ಳಿ ಹೊಳೆಯ ಆಚೆ ಕಣ್ಣಿಗೇ ಕಾಣುತ್ತೆ. ಆದರೆ ರಸ್ತೆಯಲ್ಲಿ ಹೋಗಬೇಕಾದರೆ ಹೆಮ್ಮಾಡಿ ಮೇಲೆ ಸುತ್ತಿಕೊಂಡು ಬರಬೇಕು. ಎದುರಿಗೇ ಇದೆಯಲ್ಲ ಅಂತ ಐದು ನಿಮಿಷದ ಲೆಕ್ಕ ಹಾಕಬೇಡಿ.

ತೀರ್ಥಹಳ್ಳಿಯವರಿಗೆ ಆಗುಂಬೆ ಘಾಟಿ, ಹೆಬ್ರಿ, ಉಡುಪಿ. ಉಡುಪಿಯಿಂದ ಮಲ್ಪೆ ಐದಾರು ಕಿ.ಮೀ. ಅಷ್ಟೇ. ರಾಜ್ಯದ ಅತಿ ದೊಡ್ಡ ಮೀನುಗಾರಿಕಾ ಬಂದರು ಅದು. ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟು ಹೊರಡೋದು ಮಲ್ಪೆಯಿಂದಲೇ. ಆ ದ್ವೀಪದ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ಭಾಗ ಭಾರತದಿಂದ ಬೇರೆಯಾಗುತ್ತಿದ್ದ ಕಾಲದ ಲಾವಾ ತಣಿದು ಆದವು. ಮಳೆಗಾಲದಲ್ಲಿ ದ್ವೀಪದ ಬೋಟು ಬಂದ್ ಇರುತ್ತೆ, ಕಡಲು ತಣಿದ ಮೇಲೆ ಶುರು ಮಾಡ್ತಾರೆ. ಹೊರಡುವ ಮುಂಚೆ ವಿಚಾರಿಸಿ ಹೊರಡಿ. ಉಡುಪಿಯಿಂದ ದಕ್ಷಿಣಕ್ಕೆ ಕಾಪು ದೀಪಸ್ತಂಭ ಇದೆ, 1901ರದ್ದು. ಸಂಜೆ ಹೊತ್ತು ಮೇಲೆ ಹತ್ತೋಕೆ ಬಿಡ್ತಾರೆ.

ಬಂದರುಗಳೆಲ್ಲ ಹೊಳೆ ಬಾಯಲ್ಲೇ ಯಾಕಿವೆ?

ಹೊನ್ನಾವರ, ಗಂಗೊಳ್ಳಿ, ಮಲ್ಪೆ ಮೂರನ್ನೂ ನೋಡಿ. ಬಯಲು ಕಡಲಿಗೆ ಎದುರಾಗಿ ಒಂದೂ ಇಲ್ಲ. ಎಲ್ಲ ಹೊಳೆ ಕಡಲಿಗೆ ಸೇರೋ ಜಾಗದ ಒಳಗೆ ಇವೆ. ಆ ಜಾಗಕ್ಕೆ ಕರಾವಳಿಯಲ್ಲಿ ಅಳಿವೆ ಅಂತಾರೆ. ಹೊರಗಿನ ಅಲೆ ಒಳಗೆ ಬರೋದಿಲ್ಲ, ಬೋಟು ಕಟ್ಟಿ ನಿಲ್ಲಿಸೋಕೆ, ಮೀನು ಇಳಿಸೋಕೆ ನೀರು ಶಾಂತ ಇರುತ್ತೆ.

ಇದರಲ್ಲಿ ನಮ್ಮ ಊರಿನ ಪಾಲೂ ಇದೆ. ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟಿ, ಲಿಂಗನಮಕ್ಕಿಯಲ್ಲಿ ನಿಂತು, ಜೋಗದಲ್ಲಿ ಬಿದ್ದ ಶರಾವತಿ ಕಡಲು ಸೇರೋದು ಹೊನ್ನಾವರದಲ್ಲಿ. ಗಂಗೊಳ್ಳಿಯ ಪಂಚಗಂಗಾವಳಿಗೆ ಸೇರುವ ಐದು ಹೊಳೆಗಳಲ್ಲಿ ವಾರಾಹಿ, ಚಕ್ರಾ ಎರಡೂ ನಮ್ಮ ಘಟ್ಟದ ಮೇಲಿನವೇ. ಮಕ್ಕಳಿಗೆ ಜೋಗ ತೋರಿಸಿ, ಅದೇ ದಿನ ಹೊನ್ನಾವರ ಸೇತುವೆ ಮೇಲಿಂದ ಶರಾವತಿ ಅಗಲ ತೋರಿಸಿ. ಪುಸ್ತಕದಲ್ಲಿ ಓದಿದ್ದು ಕಣ್ಣ ಮುಂದೆ ಇರುತ್ತೆ.

ಆದರೆ ಅಳಿವೆ ಅಂದರೆ ಅಪಾಯವೂ ಹೌದು. ಹೊಳೆ ತಂದ ಮರಳು, ಕಡಲು ತಳ್ಳಿದ ಮರಳು ಎರಡೂ ಬಾಯಲ್ಲಿ ಕೂತು ದಿಬ್ಬ ಆಗುತ್ತೆ. ನೀರು ಇಳಿದಿರುವಾಗ ಬೋಟಿನ ಅಡಿ ಮರಳಿಗೆ ತಾಗುತ್ತೆ, ಅದೇ ಹೊತ್ತಿಗೆ ಅಲೆ ಬಂದರೆ ಬೋಟು ಮಗುಚುತ್ತೆ. ಅದಕ್ಕೇ ಮೀನು ತುಂಬಿಕೊಂಡ ಬೋಟು ಎಷ್ಟೋ ಸಲ ಒಳಗೆ ಬರದೆ ಹೊರಗೇ ನಿಂತು ಭರತಕ್ಕೆ ಕಾಯುತ್ತೆ. ಹೂಳು ತೆಗೆಸಿ ಅಂತ ಮೀನುಗಾರರು ಮತ್ತೆ ಮತ್ತೆ ಮನವಿ ಕೊಡೋದು ಇದೇ ಕಾರಣಕ್ಕೆ. ಬೋಟು ನಡೆಸಿ ಪಳಗಿದವರೇ ಹುಷಾರಾಗಿ ದಾಟುವ ಜಾಗ ಅದು. ಅಳಿವೆಯಲ್ಲಿ ಈಜೋದಿರಲಿ, ಕಾಲು ಇಳಿಬಿಟ್ಟು ಕೂರೋದೂ ಬೇಡ.

ಭರತ, ಇಳಿತ ಅಂದರೆ?

ಕಡಲ ನೀರು ದಿನಕ್ಕೆ ಎರಡು ಸಲ ಏರುತ್ತೆ, ಎರಡು ಸಲ ಇಳಿಯುತ್ತೆ. ಏರೋದು ಭರತ, ಇಳಿಯೋದು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು. ಇವತ್ತು 10ಕ್ಕೆ ಭರತ ಇದ್ದರೆ ನಾಳೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ. ಮೊಬೈಲಿನಲ್ಲೂ ಆ ದಿನದ ವೇಳಾಪಟ್ಟಿ ಸಿಗುತ್ತೆ, ದಕ್ಕೆಯಲ್ಲಿ ಬಲೆ ಹೊಲಿಯುತ್ತ ಕೂತ ಯಾರನ್ನು ಕೇಳಿದರೂ ಹೇಳ್ತಾರೆ.

ಪ್ರವಾಸಕ್ಕೆ ಬಂದವರಿಗೆ ಇದು ಯಾಕೆ ಬೇಕು? ಇಳಿತದಲ್ಲಿ ಬಂಡೆ ಮೇಲೆ ನಡೆದು ಹೋಗಿ ಫೋಟೋ ತೆಗೆಸಿಕೊಳ್ತೀರಿ. ಒಂದೆರಡು ಗಂಟೆ ಬಿಟ್ಟು ತಿರುಗಿ ನೋಡಿದರೆ ಬಂದ ದಾರಿಯಲ್ಲಿ ನೀರು ನಿಂತಿರುತ್ತೆ.

ಬೋಟುಗಳಲ್ಲಿ ಎಷ್ಟು ಬಗೆ?

ದಕ್ಕೆ ಮೇಲೆ ನಿಂತಾಗ ಎಲ್ಲ ಬೋಟೂ ಒಂದೇ ಥರ ಕಾಣುತ್ತೆ. ಸ್ವಲ್ಪ ಗಮನಿಸಿದರೆ ಗುರುತು ಸಿಗುತ್ತೆ.

ಟ್ರಾಲ್ ಬೋಟು: ಚೀಲದಂಥ ಬಲೆಯನ್ನು ನೀರಿನ ತಳದಲ್ಲಿ ಎಳೆದುಕೊಂಡು ಹೋಗುತ್ತೆ. ಚಿಕ್ಕವು ಬೆಳಗಿನ ಜಾವ ಹೋಗಿ ಸಂಜೆಗೆ ಬರ್ತವೆ. ದೊಡ್ಡವು ಐಸು, ಡೀಸೆಲ್, ಅಕ್ಕಿ, ನೀರು ಎಲ್ಲ ತುಂಬಿಕೊಂಡು ಆಳ ಸಮುದ್ರಕ್ಕೆ ಹೋದರೆ ವಾರ, ಹತ್ತು ದಿನ ಆಗುತ್ತೆ. ಸಿಗಡಿ, ಬೊಂಡಾಸು, ತಳದ ಮೀನು ಇದರಲ್ಲಿ ಬರುತ್ತೆ.

ಪರ್ಸೀನ್ ಬೋಟು: ಬಂಗುಡೆ, ಬೂತಾಯಿಯಂಥ ಗುಂಪಿನಲ್ಲಿ ಓಡಾಡೋ ಮೀನಿಗೆ ಸುತ್ತಲೂ ಬಲೆ ಬಿಟ್ಟು, ಅಡಿಯಿಂದ ಹಗ್ಗ ಎಳೆದು ಚೀಲದ ಬಾಯಿ ಕಟ್ಟಿದ ಹಾಗೆ ಕಟ್ಟೋದು. ಒಂದು ಬೋಟಿಗೆ ಇಪ್ಪತ್ತೈದು, ಮೂವತ್ತು ಜನ ಬೇಕು. ಕೆಲಸಗಾರರು ತುಂಬಿರೋ ಬೋಟು ಕಂಡರೆ ಇದೇ ಇರಬಹುದು.

ನಾಡದೋಣಿ: ಸಾಂಪ್ರದಾಯಿಕ ಮೀನುಗಾರರದ್ದು. ಈಗ ಹೆಚ್ಚಿನವು ಫೈಬರ್, ಹಿಂದೆ ಸಣ್ಣ ಎಂಜಿನ್ ಇರುತ್ತೆ. ತೀರಕ್ಕೆ ಹತ್ತಿರದಲ್ಲೇ ಮೀನು ಹಿಡೀತಾರೆ. ಹೊಳೆಯಲ್ಲಿ ಒಬ್ಬಿಬ್ಬರು ಕೂತು ಹುಟ್ಟು ಹಾಕೋ ಪುಟ್ಟ ದೋಣಿ ಪಾತಿ.

ಕೈರಂಪಣಿ: ಇದಕ್ಕೆ ಬಂದರೇ ಬೇಡ. ದೋಣಿಯಲ್ಲಿ ಬಲೆ ಬಿಟ್ಟು ಬಂದು, ಎರಡು ಸಾಲಿನಲ್ಲಿ ಜನ ದಡದಲ್ಲೇ ನಿಂತು ಎಳೀತಾರೆ. ಹಿಂದೆ ದೊಡ್ಡ ರಂಪಣಿ ಇತ್ತು, ಊರಿಗೆ ಊರೇ ಸೇರಿ ಎಳೆಯುವಂಥದ್ದು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟು ಬಂದ ಮೇಲೆ ಗುಂಪು ಮೀನು ದಡದವರೆಗೆ ಬರೋದು ಕಡಿಮೆ ಆಯ್ತು, ಆ ರಂಪಣಿ ಮೂಲೆಗೆ ಸೇರಿತು. ಆವಾಗ ಶುರುವಾದ ನಾಡದೋಣಿ ಮತ್ತು ಯಾಂತ್ರಿಕ ಬೋಟಿನ ತಕರಾರು ಬೇರೆ ಬೇರೆ ರೂಪದಲ್ಲಿ ಇವತ್ತಿಗೂ ಇದೆ. ಬೀಚಿನಲ್ಲಿ ಕೈರಂಪಣಿ ಎಳೆಯೋದು ಕಂಡರೆ ನಿಂತು ನೋಡಿ. ಹಗ್ಗ ಮಾತ್ರ ದಾಟಬೇಡಿ.

ಯಾವ ಹೊತ್ತಿಗೆ ಹೋದರೆ ಬಂದರು ಜೀವಂತ?

ಬೆಳಿಗ್ಗೆ 6ರಿಂದ 9ರ ಒಳಗೆ ಒಂದು ಸಲ, ಸಂಜೆ 4ರ ನಂತರ ಇನ್ನೊಂದು ಸಲ. ಬೆಳಿಗ್ಗೆ ಆಳ ಸಮುದ್ರದ ಬೋಟುಗಳ ಮೀನು ಇಳಿಸಿ ಹರಾಜು ಹಾಕ್ತಾರೆ, ರಾತ್ರಿ ಬಲೆ ಬಿಟ್ಟವರೂ ಬಂದಿರ್ತಾರೆ. ಸಂಜೆ ದಿನದ ಬೋಟುಗಳು ಬರ್ತವೆ. ಮಧ್ಯಾಹ್ನ ಬಂದರು ಮಲಗಿರುತ್ತೆ.

ಈ ಹೊತ್ತು ಸುಮ್ಮನೆ ಬಂದದ್ದಲ್ಲ. ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತೆ, ಮಧ್ಯಾಹ್ನದ ಮೇಲೆ ಕಡಲಿಂದ ನೆಲಕ್ಕೆ. ಹಾಯಿ ಕಟ್ಟುತ್ತಿದ್ದ ಕಾಲದಲ್ಲಿ ನಸುಕಿನ ಗಾಳಿ ಹಿಡಿದು ಹೋಗಿ, ಮಧ್ಯಾಹ್ನದ ಗಾಳಿ ಹಿಡಿದು ಬರ್ತಿದ್ದರು. ಎಂಜಿನ್ ಬಂದ ಮೇಲೂ ಮಾರುಕಟ್ಟೆಯ ಹೊತ್ತು ಸೇರಿಕೊಂಡು ಅದೇ ಲಯ ಉಳಿದಿದೆ.

ಹರಾಜು ನೋಡೋದೇ ಒಂದು ಮಜಾ. ಬುಟ್ಟಿ, ಕ್ರೇಟು ಲೆಕ್ಕದಲ್ಲಿ ಕೂಗ್ತಾರೆ, ನಿಮಿಷದಲ್ಲಿ ಮುಗಿಯುತ್ತೆ. ಅಲ್ಲೇ ತಗೊಂಡ ಮಹಿಳೆಯರು ತಲೆ ಮೇಲೆ, ಆಟೋದಲ್ಲಿ ಪೇಟೆಗೆ ಒಯ್ತಾರೆ. ಹಿಡಿಯೋದು ಗಂಡಸರಾದರೆ ಮಾರೋದು, ಒಣಗಿಸೋದು, ಬಿಡಿಸೋದರಲ್ಲಿ ಹೆಂಗಸರದ್ದೇ ದೊಡ್ಡ ಪಾಲು. ವ್ಯಾಪಾರ ಮಾಡೋರಿಗೆ ನೋಡಿ ಕಲಿಯೋಕೆ ಇಲ್ಲಿ ಬೇಕಾದಷ್ಟಿದೆ: ಸಂಜೆಗೆ ಹಾಳಾಗೋ ಮಾಲು, ತೂಕವಿಲ್ಲದೆ ಕಣ್ಣಳತೆಯಲ್ಲಿ ಬೆಲೆ ಕಟ್ಟೋದು ಸಣ್ಣ ಕೆಲಸ ಅಲ್ಲ.

ವರ್ಷದ ಲೆಕ್ಕವೂ ಗೊತ್ತಿರಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ. ಮೀನು ಮರಿ ಹಾಕೋ ಕಾಲ, ಕಡಲೂ ಒರಟು. ಆಗ ಬೋಟುಗಳೆಲ್ಲ ದಡದಲ್ಲಿ, 10 ಅಶ್ವಶಕ್ತಿಯವರೆಗಿನ ಎಂಜಿನ್ ಇರೋ ನಾಡದೋಣಿಗೆ ಮಾತ್ರ ಅವಕಾಶ. ಆಗ ನಮ್ಮ ಮಾರ್ಕೆಟಿನಲ್ಲಿ ಮೀನಿನ ರೇಟು ಏರೋದು ಇದಕ್ಕೇ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರೋದ್ರಿಂದ, ಜೂನ್ ಮಧ್ಯದ ಮೇಲೆ ತಮಿಳುನಾಡು, ಆಂಧ್ರದ ಮೀನು ಬರೋಕೆ ದಾರಿ ಆಗುತ್ತೆ. ಶ್ರಾವಣದ ನೂಲ ಹುಣ್ಣಿಮೆಗೆ ಮೀನುಗಾರರು ಕಡಲಿಗೆ ಹಾಲು, ತೆಂಗಿನಕಾಯಿ ಬಿಟ್ಟು ಸಮುದ್ರ ಪೂಜೆ ಮಾಡ್ತಾರೆ. ದಸರಾ ಹೊತ್ತಿಗೆ ಬಂದರು ಪೂರ್ತಿ ಕೆಲಸದಲ್ಲಿರುತ್ತೆ.

ಅದು ಅವರ ಅಂಗಡಿ

ಭರ್ತಿ ವ್ಯಾಪಾರದ ಹೊತ್ತಿನಲ್ಲಿ ಹತ್ತು ಜನ ನಿಮ್ಮ ಕೌಂಟರ್ ಒಳಗೆ ಬಂದು ಸೆಲ್ಫಿ ತೆಗೆದರೆ ಹೇಗಿರುತ್ತೆ? ಬಂದರೂ ಹಾಗೇ. ಐಸ್ ಪುಡಿ ಮಾಡೋ ಯಂತ್ರ, ಎಳೆದ ಹಗ್ಗ, ಹಿಂದಕ್ಕೆ ಬರೋ ಲಾರಿ ಎಲ್ಲ ಇರೋ ಜಾಗ. ಮಕ್ಕಳ ಕೈ ಬಿಡಬೇಡಿ. ನೆಲ ಜಾರುತ್ತೆ, ಹಿಡಿತ ಇರೋ ಚಪ್ಪಲಿ ಹಾಕ್ಕೊಳ್ಳಿ, ಬಿಳಿ ಬಟ್ಟೆ ಬೇಡ. ಕರೆಯದೆ ಬೋಟು ಹತ್ತಬೇಡಿ. ಫೋಟೋ ತೆಗೆಯೋ ಮುಂಚೆ ‘ಅಕ್ಕಾ, ಒಂದು ಫೋಟೋ ತೆಗೀಲಾ?’ ಅಂತ ಕೇಳಿ. ಮೂಗು ಮುಚ್ಚಿಕೊಂಡು ಅವರ ಮುಂದೆ ಓಡಾಡಬೇಡಿ, ಅವರು ಊಟಕ್ಕೆ ದುಡಿಯೋ ಜಾಗ ಅದು.

ಇನ್ನೊಂದು ಮಾತು. ಮೀನುಗಾರರ ಊರಿನಲ್ಲಿ ಖಾಲಿ ಮರಳು ಅಂತ ಒಂದು ಇರೋದಿಲ್ಲ. ಕಾಸರಕೋಡು ಟೊಂಕದಲ್ಲಿ ಕಡಲ ದಂಡೆಯ ಮರಳಿನ ಮೇಲೇ ಮೀನು ಒಣಗಿಸ್ತಾರೆ. ಅದೇ ಮರಳಿಗೆ ಕಡಲಾಮೆ ಬಂದು ಮೊಟ್ಟೆ ಇಡುತ್ತೆ. ಅಲ್ಲಿ ಖಾಸಗಿ ವಾಣಿಜ್ಯ ಬಂದರು ಯೋಜನೆ ಬಂದಾಗಿನಿಂದ ಮೀನುಗಾರರು ವಿರೋಧ ಮಾಡ್ತಾ ಬಂದಿರೋದಕ್ಕೆ ಒಣ ಮೀನಿನ ಜಾಗ, ಮನೆ, ದೋಣಿ ನಿಲ್ಲಿಸೋ ದಡ ಹೋಗುತ್ತೆ ಅನ್ನೋ ಭಯ ಒಂದು ಮುಖ್ಯ ಕಾರಣ. ಕಾರು ತಿರುಗಿಸೋಕೆ ಅಂತ ಆ ಮರಳಿನ ಮೇಲೆ ಹತ್ತಿಸೋ ಮುಂಚೆ ಇದು ನೆನಪಿರಲಿ.

ಮೀನು ತಗೊಳ್ಳೋದು ಹೇಗೆ?

ಮೊದಲು ಹೆಸರಿನ ಗೊಂದಲ. ಉಡುಪಿ ಕಡೆ ಅಂಜಲ್ ಅನ್ನೋದು ಹೊನ್ನಾವರದ ಕಡೆ ಇಸ್ವಾಣ. ಮಲ್ಪೆಯ ಬೂತಾಯಿ ಕುಂದಾಪುರದಲ್ಲಿ ಬೈಗೆ, ಉತ್ತರ ಕನ್ನಡದಲ್ಲಿ ತಾರ್ಲೆ. ಸಿಗಡಿಗೆ ಶೆಟ್ಲಿ ಅಂತಾರೆ. ಬಂಗುಡೆ, ಬಂಗಡೆ ಎರಡೂ ಒಂದೇ. ಹೆಸರು ಬೇರೆ ಅಂತ ಬೇರೆ ಮೀನು ಅಂದ್ಕೊಳ್ಳಬೇಡಿ.

ತಾಜಾ ಮೀನಿನ ಕಣ್ಣು ಉಬ್ಬಿ ಹೊಳೀತಿರುತ್ತೆ, ಕಿವಿರು ಕೆಂಪಗಿರುತ್ತೆ, ಒತ್ತಿದರೆ ಕುಳಿ ಬೀಳದೆ ವಾಪಸ್ ಬರುತ್ತೆ. ಕಣ್ಣು ಒಳಗೆ ಹೋಗಿ, ಕಿವಿರು ಕಂದು ಆಗಿದ್ದರೆ ಬೇಡ. ಮನೆಗೆ ತರೋದಾದರೆ ಹೊರಡೋ ಸ್ವಲ್ಪ ಮುಂಚೆ ತಗೊಂಡು, ಥರ್ಮೊಕೋಲ್ ಡಬ್ಬಿಯಲ್ಲಿ ಒಂದು ಪದರ ಐಸು, ಒಂದು ಪದರ ಮೀನು ಹಾಕಿಸಿ. ಘಟ್ಟ ಹತ್ತೋಕೆ ಎರಡು ಮೂರು ಗಂಟೆ ಬೇಕು, ಡಿಕ್ಕಿ ಒಳಗೆ ಸೆಖೆ. ಐಸು ಇಲ್ಲದೆ ತಂದ ಮೀನು ಸಾಗರ ಸೇರೋ ಹೊತ್ತಿಗೆ ಕೆಟ್ಟಿರುತ್ತೆ.

ಒಣ ಮೀನು ನಮ್ಮ ಮಲೆನಾಡಿಗೆ ಹೊಸದಲ್ಲ. ಮಳೆಗಾಲಕ್ಕೆ ಅಂತ ಬೇಸಿಗೆಯಲ್ಲೇ ಸಂತೆಯಿಂದ ತಂದು ಕಟ್ಟಿಡೋ ಮನೆ ಈಗಲೂ ಇವೆ. ಅದಕ್ಕೆ ಐಸು ಬೇಡ, ಪೂರ್ತಿ ಒಣಗಿದೆಯಾ ಅಂತ ಮುರಿದು ನೋಡಿ ತಗೊಂಡರೆ ಸಾಕು. ಒಣಗಿಸಿದವರ ಹತ್ತಿರವೇ ತಗೊಂಡರೆ ದುಡ್ಡು ನೇರ ಅವರ ಕೈಗೆ ಹೋಗುತ್ತೆ.

ಕಡಲಿಗೆ ಇಳಿಯೋ ಮುಂಚೆ

ಇದನ್ನು ಎಲ್ಲರೂ ಓದಬೇಕು. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಅದು ಮಳೆಗಾಲ ಅಲ್ಲ, ಡಿಸೆಂಬರ್. ಮಳೆ ನಿಂತಿದೆ, ಇನ್ನೇನು ಭಯ ಅನ್ನೋ ಲೆಕ್ಕ ತಪ್ಪು.

ನಮ್ಮವರು ಕೆರೆ, ಹೊಳೆಯಲ್ಲಿ ಈಜು ಕಲಿತವರು. ಕಡಲು ಹಾಗಲ್ಲ. ಅಲೆ ದಡಕ್ಕೆ ತಂದ ನೀರು ಎಲ್ಲಿಂದಾದರೂ ವಾಪಸ್ ಹೋಗಲೇಬೇಕಲ್ಲ? ಮರಳ ದಿಬ್ಬಗಳ ನಡುವೆ ತಗ್ಗು ಸಿಕ್ಕಿದ ಕಡೆ ಅದೆಲ್ಲ ಒಟ್ಟಾಗಿ ಜೋರಾಗಿ ಒಳಕ್ಕೆ ಹರಿಯುತ್ತೆ. ಮೋಸ ಇರೋದು ಇಲ್ಲೇ. ಆ ಜಾಗದಲ್ಲಿ ಅಲೆ ಒಡೆಯೋದು ಕಡಿಮೆ, ನೀರು ಸುಮ್ಮನಿದ್ದ ಹಾಗೆ ಕಾಣುತ್ತೆ. ಅಕ್ಕಪಕ್ಕ ಬಿಳಿ ನೊರೆ, ನಡುವೆ ಮಾತ್ರ ಕಪ್ಪಗೆ ಶಾಂತ ನೀರು, ನೊರೆ ಅಥವಾ ಕಸ ಒಳಕ್ಕೆ ಸಾಗ್ತಿದ್ದರೆ ಅಲ್ಲಿ ಇಳಿಯಲೇ ಬೇಡಿ. ಮಕ್ಕಳನ್ನು ಆಡಿಸೋಕೆ ಜನ ಹುಡುಕೋದು ಅಂಥದ್ದೇ ಶಾಂತ ಜಾಗವನ್ನ.

ಮನೆಯವರೊಂದಿಗೆ ಹೋದಾಗ ಇಷ್ಟು ಪಾಲಿಸಿ:

- ಜೀವರಕ್ಷಕ ಸಿಬ್ಬಂದಿ ಇರೋ ಬೀಚಿಗೇ ಹೋಗಿ. ಕಾಸರಕೋಡು ಮತ್ತು ಪಡುಬಿದ್ರಿ ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತ್ತು.
- ಕೆಂಪು ಬಾವುಟ ಇದ್ದರೆ ನೀರಿಗಿಳಿಯಬೇಡಿ. ಸಿಬ್ಬಂದಿ ಸೀಟಿ ಊದಿದರೆ ಜಗಳ ಆಡದೆ ಹೊರಗೆ ಬನ್ನಿ.
- ಈಜು ಬಂದರೂ ಬಾರದಿದ್ದರೂ ಮೊಣಕಾಲಿನವರೆಗೆ ಮಾತ್ರ. ಮಕ್ಕಳು ಕೈಗೆ ಸಿಗೋ ದೂರದಲ್ಲಿರಲಿ. ಒಬ್ಬರು ದೊಡ್ಡವರು ದಡದಲ್ಲೇ ನಿಂತು ತಲೆ ಎಣಿಸ್ತಾ ಇರಲಿ, ಫೋನ್ ನೋಡ್ತಾ ಅಲ್ಲ.
- ಕಡಲಿಗೆ ಬೆನ್ನು ಹಾಕಿ ಫೋಟೋಗೆ ನಿಲ್ಲಬೇಡಿ. ಪಾಚಿ ಬಂಡೆ ಹತ್ತಬೇಡಿ.
- ಊಟ, ಕುಡಿತ ಆದ ಮೇಲೆ ನೀರು ಬೇಡವೇ ಬೇಡ. ಕತ್ತಲಾದ ಮೇಲೂ ಅಷ್ಟೇ.
- ದ್ವೀಪದ ಬೋಟು ಹತ್ತೋದಾದರೆ ಲೈಫ್ ಜಾಕೆಟ್ ಹಾಕದೆ ಹತ್ತಬೇಡಿ. ಮಕ್ಕಳ ಅಳತೆಯದ್ದು ಕೇಳಿ ತಗೊಳ್ಳಿ.
- ಸೆಳೆತಕ್ಕೆ ಸಿಕ್ಕರೆ ದಡದ ಕಡೆ ನೇರ ಈಜಿ ಸುಸ್ತಾಗಬೇಡಿ. ತೇಲಿಕೊಂಡು ಕೈ ಎತ್ತಿ ಕೂಗಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಿರಿ. ಸೆಳೆತ ಅಗಲ ಇರೋದಿಲ್ಲ, ಪಕ್ಕಕ್ಕೆ ಸರಿದರೆ ಅಲೆಯೇ ದಡಕ್ಕೆ ತರುತ್ತೆ.
- ಬೇರೆಯವರು ಮುಳುಗ್ತಿದ್ದರೆ ಹಿಂದೆ ಹಾರಬೇಡಿ. ಒಬ್ಬರನ್ನು ಉಳಿಸೋಕೆ ಹೋಗಿ ಇಬ್ಬರು ಮೂವರು ಹೋಗೋದು ಹೀಗೇ. ಹಗ್ಗ, ಖಾಲಿ ಕ್ಯಾನು, ಚೆಂಡು, ತೇಲೋದು ಏನಾದರೂ ಎಸೆಯಿರಿ. ಹತ್ತಿರದ ಮೀನುಗಾರರನ್ನು ಕೂಗಿ.
- ತುರ್ತು ಸಹಾಯಕ್ಕೆ 112, ಕರಾವಳಿ ಕಾವಲು ಪೊಲೀಸರಿಗೆ 1093.

ಸಾಗರದಿಂದ ಒಂದು ದಿನದ ಲೆಕ್ಕ

ನಸುಕಿನ 5ಕ್ಕೆ ಹೊರಟರೆ 8ರ ಒಳಗೆ ಹೊನ್ನಾವರ. ತಿಂಡಿ ಆಮೇಲೆ, ಮೊದಲು ಬಂದರು. ಹರಾಜು ಮುಗಿದ ಮೇಲೆ ಶರಾವತಿ ದಂಡೆಯ ಕಾಂಡ್ಲಾ ಕಾಡಿನ ನಡುವಿನ ಹಲಗೆ ಸೇತುವೆಯಲ್ಲಿ ಒಂದು ಸುತ್ತು. ಬಿಸಿಲು ಏರೋ ಹೊತ್ತಿಗೆ ಮುರುಡೇಶ್ವರ, ಅಲ್ಲೇ ಊಟ. ಸಂಜೆ 4ಕ್ಕೆ ವಾಪಸ್ ಕಾಸರಕೋಡು ಬೀಚು, ಮಕ್ಕಳು ಮರಳಿನಲ್ಲಿ ಆಡಲಿ. 5ರ ಸುಮಾರಿಗೆ ಮತ್ತೆ ಬಂದರಿಗೆ ಬಂದು ಮೀನು, ಐಸು ತುಂಬಿಸಿ 6ಕ್ಕೆ ಹೊರಡಿ. ಗೇರುಸೊಪ್ಪ ಘಾಟಿಯ ತಿರುವುಗಳು ಕತ್ತಲಲ್ಲಿ ಕಷ್ಟ, ಓಡಿಸೋರು ಮಧ್ಯಾಹ್ನ ಸ್ವಲ್ಪ ಮಲಗಿರಲಿ.

ಹೊಸನಗರ, ತೀರ್ಥಹಳ್ಳಿಯವರು ಇದೇ ಲೆಕ್ಕವನ್ನು ಗಂಗೊಳ್ಳಿಗೆ, ಮಲ್ಪೆಗೆ ಹೊಂದಿಸಿಕೊಳ್ಳಬಹುದು. ಬೆಳಿಗ್ಗೆ ಬಂದರು, ಸಂಜೆ ಬೀಚು ಅನ್ನೋದು ಬದಲಾಗದಿದ್ದರೆ ಸಾಕು. ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಕವರು ಕಾರಿನಲ್ಲೇ ವಾಪಸ್ ತನ್ನಿ. ಅಲ್ಲಿ ಬಿಟ್ಟದ್ದು ಮಾರನೇ ದಿನ ಯಾರದೋ ಬಲೆಯಲ್ಲಿ ಮೀನಿನ ಬದಲು ಬರುತ್ತೆ.